ಮೂರು ತಟ್ಟಿದರೆ ನಗಬೇಕು

ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರೆ. ಹಾಗಿದ್ದರೆ ನಮ್ಮ ಆಫೀಸಿನಲ್ಲಿ ನನಗಿಂತ ಗೋಡೆಗಳೇ ವಾಸಿ. ನನ್ನ ಎಡಗಿವಿ ಪೂರ್ತಿ ಹೋಗಿ ಆರು ವರ್ಷ. ಬಲಗಿವಿ ಅದರ ಬೆನ್ನಿಗೇ ಹೊರಟು ಈಗ ಹೊಸ್ತಿಲಲ್ಲಿ ನಿಂತಿದೆ. ಈ ಗುಟ್ಟು ಗೊತ್ತಿದ್ದದ್ದು ನಮ್ಮ ಯಜಮಾನರಿಗೆ ಮತ್ತು ಗಿಣಿಗೆ ಮಾತ್ರ. ಯಜಮಾನರಿಗೆ ಹೇಳಿದ ದಿನ ಅವರು ನನ್ನ ಮುಖಕ್ಕೇ ತಿರುಗಿ, “ಮದ್ವೆ ಆದಾಗಿಂದ ನನ್ ಮಾತು ಯಾವತ್ತು ಕೇಳಿದ್ದೀಯ?” ಎಂದರು. ಆ ತುಟಿಗಳನ್ನು ಓದುವುದು ಕಷ್ಟವೇನಲ್ಲ, ಮೂವತ್ತು ವರ್ಷದಿಂದ ಅದೇ ನಾಲ್ಕು ಮಾತು.

ನಮ್ಮದು ಬಸ್ ಕಂಪನಿಯ ದೂರು ವಿಭಾಗ. ಬಸ್ಸು ನಿಲ್ಲಿಸಲಿಲ್ಲ, ಕಂಡಕ್ಟರ್ ಬೈದ, ಸೀಟಿನ ಮೊಳೆಗೆ ಪ್ಯಾಂಟು ಹರಿಯಿತು ಎಂದು ಜನ ಕಾಗದ ಬರೆಯುತ್ತಾರೆ, ಫೋನು ಮಾಡುತ್ತಾರೆ. ಕಾಗದಕ್ಕೆ ಉತ್ತರ ನನ್ನದು, ಫೋನಿಗೆ ಗಿಣಿಯದು. ಬಾಯಿಗೆ ಬಿಡುವೇ ಇಲ್ಲದ ಹುಡುಗಿ, ಅದಕ್ಕೇ ನಾನಿಟ್ಟ ಹೆಸರು ಗಿಣಿ. ಅವಳದು ವರ್ಷವರ್ಷ ನವೀಕರಿಸುವ ಕೆಲಸ. ನನ್ನದು ಕಾಯಂ, ಆದರೆ ಒಂದು ನಿಯಮವಿದೆ: ಕಿವಿ ಕೇಳಿಸದವರು ಈ ವಿಭಾಗದಲ್ಲಿ ಇರುವಂತಿಲ್ಲ, ಟೈರ್ ಗೋದಾಮಿಗೆ ಹೋಗಬೇಕು. ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. ಇಪ್ಪತ್ತೊಂಬತ್ತು ವರ್ಷ ಊರಿನವರ ಗೋಳಿಗೆಲ್ಲ ಮರ್ಯಾದೆಯಾಗಿ ಉತ್ತರ ಬರೆದ ಕೈಯಿಂದ ಕೊನೆಗೆ ಹಳೇ ಟೈರು ಉರುಳಿಸುವುದೇ? ಸತ್ತರೂ ಸೈ, ಆಗದು ಎಂದುಕೊಂಡಿದ್ದೆ. ಕಿವಿಗೆ ಯಂತ್ರ ಹಾಕಿಸಿಕೊಂಡಿರಲಿಲ್ಲ. ಹಾಕಿಸಿಕೊಂಡರೆ ಡಂಗುರ ಸಾರಿದ ಹಾಗೆಯೇ.

ಹಳೆಯ ಕೋಣೆಯಲ್ಲಿ ಇಬ್ಬರಿಗೂ ಸೇರಿ ಒಂದೇ ಉದ್ದನೆಯ ಮರದ ಮೇಜು. ಗಿಣಿ ಬೆರಳಿನಿಂದ ಒಂದು ಸಲ ತಟ್ಟಿದರೆ ಮ್ಯಾನೇಜರ್ ಬರುತ್ತಿದ್ದಾನೆ. ಎರಡು ತಟ್ಟಿದರೆ ನಿನ್ನನ್ನು ಏನೋ ಕೇಳುತ್ತಿದ್ದಾರೆ, ತಿರುಗು. ಮೂರು ತಟ್ಟಿದರೆ ಬಾಯಿ ಮುಚ್ಚಿಕೊಂಡು ನಕ್ಕುಬಿಡು. ಮರ ನನ್ನ ಮೊಣಕೈಗೆ ಎಲ್ಲವನ್ನೂ ಹೇಳುತ್ತಿತ್ತು. ನಾಲ್ಕು ವರ್ಷ ಹೀಗೇ ನಡೆಯಿತು, ಒಬ್ಬರಿಗೂ ಅನುಮಾನ ಬರಲಿಲ್ಲ.

ಆಮೇಲೆ ಮೇಲಿನವರಿಗೆ ಜ್ಞಾನೋದಯವಾಯಿತು. ಗೋಡೆಗಳು ಮನುಷ್ಯರನ್ನು ದೂರ ಮಾಡುತ್ತವಂತೆ! ಎರಡು ತಿಂಗಳಲ್ಲಿ ಎಲ್ಲ ಗೋಡೆ ಕೆಡವಿ ಒಂದೇ ಹಾಲ್ ಮಾಡಿದರು. ನಲವತ್ತು ಬಿಡಿ ಮೇಜು, ಕಾಲಡಿಗೆ ಮೆತ್ತನೆಯ ಕಾರ್ಪೆಟ್. ಬೆನ್ನ ಹಿಂದೆ ಆನೆ ಬಂದರೂ ಪಾದಕ್ಕೆ ತಿಳಿಯದು. ನನ್ನನ್ನು ಕಿಟಕಿಯ ಮೂಲೆಗೆ ಹಾಕಿದರು, ಗಿಣಿಯನ್ನು ಬಾಗಿಲ ಬಳಿಗೆ. “ಎಲ್ರೂ ಎಲ್ರಿಗೂ ಸಿಗಬೇಕು!” ಎಂದ ಮ್ಯಾನೇಜರ್. ಆತ ಮೀಸೆ ಬೋಳಿಸಿಕೊಂಡು ತುಟಿ ಬಿಡಿಸಿ ಮಾತಾಡುವ ಮನುಷ್ಯ. ಅದೊಂದು ಉಪಕಾರ.

ಮೊದಲ ವಾರ ನನ್ನ ಜೀವ ಕೈಯಲ್ಲಿತ್ತು. ಯಾರು ಎಲ್ಲಿಂದ ಕರೆದರೋ ಎಂದು ಕೋಳಿಯ ಹಾಗೆ ಕತ್ತು ತಿರುಗಿಸಿ ತಿರುಗಿಸಿ ಕತ್ತೇ ಹಿಡಿದುಕೊಂಡಿತು. ರಾತ್ರಿ ಯಜಮಾನರು ಎಣ್ಣೆ ಉಜ್ಜಿದರು, ಪುಣ್ಯಾತ್ಮ, ಬಾಯಿ ಬಿಡದೆ.

ಎರಡನೆಯ ವಾರ ದೇವರು ಕಣ್ಣುಬಿಟ್ಟ. ಅಷ್ಟೊಂದು ಬಾಯಿಗಳ ಗದ್ದಲಕ್ಕೆ ಮಿಕ್ಕವರಿಗೆಲ್ಲ ತಲೆ ಕೆಟ್ಟುಹೋಗಿತ್ತು. ಕಂಪನಿಯೇ ಎಲ್ಲರಿಗೂ ಹೆಡ್‌ಫೋನ್ ಹಂಚಿತು. ಪಕ್ಕದ ಮೇಜಿನವನನ್ನು ಕರೆಯಬೇಕೆಂದರೂ ಕೈ ಬೀಸಬೇಕು, ಇಲ್ಲವೇ ಕಂಪ್ಯೂಟರಿನಲ್ಲಿ ಸಂದೇಶ ಬರೆಯಬೇಕು. ಅಯ್ಯೋ, ಇದು ನನ್ನದೇ ರಾಜ್ಯ! ಬೇಡವೆಂದವರು ಇಬ್ಬರೇ. ಕಿವಿ ಮುಚ್ಚಿದರೆ ಗಿಣಿಗೆ ಉಸಿರು ಕಟ್ಟುತ್ತದೆ. ನನಗೆ ಅದರ ಅಗತ್ಯವೇ ಇರಲಿಲ್ಲ.

ಮ್ಯಾನೇಜರ್ ಇದನ್ನು ಗಮನಿಸಿದ. “ನೋಡಿ, ಮೇಡಂ ಕಿವಿಗೆ ಏನೂ ಇಲ್ದೆ ಎಷ್ಟು ಗದ್ದಲದಲ್ಲೂ ಅಲ್ಲಾಡಲ್ಲ. ಏಕಾಗ್ರತೆ ಅಂದ್ರೆ ಇದು!” ಎಂದು ನನ್ನ ಫೋಟೋ ತೆಗೆಸಿ, ಉಳಿದಿದ್ದ ಒಂದೇ ಒಂದು ಗೋಡೆಗೆ ತೂಗುಹಾಕಿಸಿದ. ಕೆಳಗೆ ‘ತಿಂಗಳ ಮಾದರಿ’ ಎಂದು ಬರೆದಿತ್ತು. ನಾಚಿಕೆಯಾಗಲಿಲ್ಲವೇ ಎಂದರೆ, ಆಗಲಿಲ್ಲ. ಖುಷಿಯಾಯಿತು.

ಅದೇ ತಿಂಗಳ ಕೊನೆಯಲ್ಲಿ ಹೇಳದೆ ಕೇಳದೆ ಬೆಂಕಿ ಬಿದ್ದರೆ ಹೊರಗೋಡುವ ಅಭ್ಯಾಸ ಇಟ್ಟರು. ಗಂಟೆ ಬಾರಿಸಿದರಂತೆ. ಮೂವತ್ತೆಂಟು ಜನ ಹೆಡ್‌ಫೋನಿನೊಳಗೆ ತಣ್ಣಗೆ ಕೂತಿದ್ದರು. ನಾನು ಸೀಟಿನ ಮೊಳೆಯ ಬಗ್ಗೆ ವಿಷಾದ ವ್ಯಕ್ತಪಡಿಸುತ್ತಿದ್ದೆ. ತಟ್ಟನೆ ಗಿಣಿ ನನ್ನ ರಟ್ಟೆ ಹಿಡಿದು ಎಳೆದಳು. ನಾವಿಬ್ಬರೂ ಓಡುವುದನ್ನು ಕಂಡು ಉಳಿದವರು ಎದ್ದರು.

ಮಧ್ಯಾಹ್ನ ಎಲ್ಲರನ್ನೂ ಹಾಲಿನ ನಡುವೆ ಕೂರಿಸಿ ದೊಡ್ಡ ಪರದೆಯ ಮೇಲೆ ಕ್ಯಾಮೆರಾದ ಚಿತ್ರ ತೋರಿಸಿದರು. ನಾನು ತುಟಿ ಕಾಣಲೆಂದು ಮುಂದಿನ ಸಾಲಿನಲ್ಲೇ ಕೂತಿದ್ದೆ. ಗಿಣಿ ಎದುರು ಬದಿಯಲ್ಲಿದ್ದಳು. ಪರದೆಯಲ್ಲಿ ಅವಳು ಬಾಗಿಲಿಗೆ ಎರಡೇ ಹೆಜ್ಜೆ ದೂರ ಇದ್ದವಳು, ಅದನ್ನು ಬಿಟ್ಟು ಇಡೀ ಹಾಲ್ ದಾಟಿ ಕಿಟಕಿಯ ಕಡೆಗೆ ಓಡುತ್ತಿದ್ದಳು.

“ಬೇರೆಯವರಿಗೆ ಕೇಳಿಸ್ಲಿಲ್ಲ, ಹೆಡ್‌ಫೋನ್ ಕೊಟ್ಟಿದ್ದು ನಾವೇ, ಸರಿ,” ಎಂದ ಮ್ಯಾನೇಜರ್, ಗಿಣಿಗೆ. “ನಿಮಗೆ ಕೇಳಿಸ್ತು. ಆದ್ರೂ ಉಲ್ಟಾ ಯಾಕ್ರೀ ಓಡಿದ್ರಿ? ನಿಜವಾಗ್ಲೂ ಬೆಂಕಿ ಬಿದ್ದಿದ್ರೆ? ಇಂಥವ್ರನ್ನ ಮುಂದಿನ ವರ್ಷಕ್ಕೆ ಹೇಗೆ ಇಟ್ಕೊಳ್ಳೋದು, ಹೇಳಿ?”

ದಿನವಿಡೀ ವಟಗುಟ್ಟುವ ಹುಡುಗಿ ತುಟಿ ಕಚ್ಚಿಕೊಂಡು ಕಾರ್ಪೆಟ್ ನೋಡುತ್ತಾ ಕೂತಳು. ಮನೆಯಲ್ಲಿ ಹಾಸಿಗೆ ಹಿಡಿದ ಅಪ್ಪ, ಶಾಲೆಗೆ ಹೋಗುವ ತಮ್ಮ, ಎಲ್ಲಕ್ಕೂ ಅವಳದೊಂದೇ ಸಂಬಳ. ನನ್ನ ಹದಿನಾಲ್ಕು ತಿಂಗಳ ಮನೆ ಹಾಳಾಗಲಿ! ಎದ್ದು ನಿಂತೆ.

“ಅವಳನ್ನ ಬೈಬೇಡಿ ಸಾರ್. ಅವಳು ಓಡಿ ಬಂದದ್ದು ನನ್ನನ್ನ ಕರೆಯೋಕೆ. ನಾನು ಕಿವುಡಿ. ಗಂಟೆ ನನಗೆ ಕೇಳಿಸ್ಲೇ ಇಲ್ಲ.”

ಎಲ್ಲ ಮುಖಗಳೂ ನನ್ನ ಕಡೆ ತಿರುಗಿದವು. ಮ್ಯಾನೇಜರ್ ಒಮ್ಮೆ ನನ್ನನ್ನು ನೋಡಿದ, ಒಮ್ಮೆ ಗೋಡೆಯ ಮೇಲಿನ ನನ್ನ ಫೋಟೋವನ್ನು ನೋಡಿದ. ಅವನ ಭುಜ ಕುಲುಕತೊಡಗಿತು. ನಗುತ್ತಿದ್ದ! ಹಿಂದೆಯೇ ಮೂವತ್ತೆಂಟು ಜನರ ಭುಜಗಳೂ ಕುಲುಕಿದವು.

“ಏಟು ಅಂದ್ರೆ ಇದು!” ಎಂದ ಆತ, ಕಣ್ಣೊರೆಸಿಕೊಳ್ಳುತ್ತಾ. “ನಾವೆಲ್ಲ ಕಿವುಡ್ರಾಗಿದ್ದೀವಿ ಅಂತ ಎಷ್ಟು ನಯವಾಗಿ ಚುಚ್ಚಿದ್ರಿ ಮೇಡಂ! ತಪ್ಪು ನಮ್ದೇ. ಆ ಹುಡುಗಿ ಮೂಲೆಯಲ್ಲಿರೋ ಹಿರಿಯರನ್ನ ನೆನೆಸ್ಕೊಂಡ್ಲು, ಅದೇ ದೊಡ್ಡದು. ಸೋಮವಾರದಿಂದ ಹೆಡ್‌ಫೋನ್ ಬಂದ್. ಎಲ್ರೂ ಬಾಯಿ ಬಿಟ್ಟು ಮಾತಾಡಿ!”

“ತಮಾಷೆ ಅಲ್ಲ ಸಾರ್, ನಿಜವಾಗ್ಲೂ...” ಎಂದೆ. ಭುಜಗಳು ಇನ್ನೂ ಜೋರಾಗಿ ಕುಲುಕಿದವು. ಆರು ವರ್ಷ ಬಚ್ಚಿಟ್ಟ ಮಾತು ಅದು. ನಲವತ್ತು ಜನರ ಎದುರು ಬಿಚ್ಚಿ ಹೇಳಿದರೂ ಒಬ್ಬರ ಕಿವಿಗೂ ಬೀಳಲಿಲ್ಲ. ಕಿವುಡರ ಮುಂದೆ ಕಿನ್ನರಿ ನುಡಿಸುವುದು ಎಂದರೆ ಏನೆಂದು ಅವತ್ತು ನನಗೆ ತಿಳಿಯಿತು. ನುಡಿಸಿದವಳು ನಾನು.

ಎದುರು ಬದಿಯಲ್ಲಿ ಗಿಣಿಯ ಕೆನ್ನೆ ಒದ್ದೆಯಾಗಿತ್ತು. ಅವಳ ತೋರುಬೆರಳು ಕುರ್ಚಿಯ ಕೈಯನ್ನು ತಟ್ಟುತ್ತಿತ್ತು. ನಡುವೆ ಅಷ್ಟು ಕಾರ್ಪೆಟ್ ಇತ್ತು, ನನಗೆ ಏನೂ ತಾಗಲಿಲ್ಲ. ಕಣ್ಣಲ್ಲೇ ಎಣಿಸಿದೆ. ಒಂದು, ಎರಡು, ಮೂರು.

ನಾನು ಬಾಯಿ ಮುಚ್ಚಿಕೊಂಡು ನಕ್ಕೆ.