ಮೂರನೇ ಮೇಜಿನ ರಕ್ತನಾಳ

ಅನಾಟಮಿ ಮೇಷ್ಟ್ರಿಗೆ ತಮ್ಮ ಕೈಚಳಕದ ಮೇಲೆ ಎಲ್ಲಿಲ್ಲದ ಜಂಬ. ಶವಚ್ಛೇದನದ ಹಾಲ್‌ನಲ್ಲಿ ಮೂರನೇ ಮೇಜಿನ ಅಜ್ಜನ ತೊಡೆ ಬಿಡಿಸುವ ದಿನ, ವಿದ್ಯಾರ್ಥಿಗಳ ಕೈಗೆ ಇಕ್ಕಳ ಕೊಡದೆ ತಾವೇ ಮುಂದಾದರು. ಮಾತಾಡುತ್ತಲೇ ಅಡ್ಡ ಬಂದ ಅಭಿಧಮನಿಗಳನ್ನು ಕಿತ್ತು ಬಕೆಟ್ಟಿಗೆ ಹಾಕಿದರು. ಆಮೇಲೆ ನೋಡಿದರೆ, ತೊಡೆಮೂಳೆಯ ಕತ್ತನ್ನು ಬಳಸಿ ಹೋಗಿ ಸೊಂಟದ ಕೀಲಿಗೆ ರಕ್ತ ಒದಗಿಸುವ ಅಪಧಮನಿಯೇ ನಾಪತ್ತೆ! ಅದೂ ಬಕೆಟ್ಟು ಸೇರಿತ್ತು.

ಹತ್ತು ಜೋಡಿ ಕಣ್ಣು ಅವರನ್ನೇ ನೋಡುತ್ತಿದ್ದವು. ತಪ್ಪಾಯಿತು ಅನ್ನಲು ಎಷ್ಟು ಹೊತ್ತು ಬೇಕು ಹೇಳಿ? ಮೇಷ್ಟ್ರ ನಾಲಿಗೆ ಹೊರಳಲಿಲ್ಲ. ಕೆಲವರಿಗೆ ಇದು ಹುಟ್ಟಿನಿಂದಲೇ ಇರುವುದಿಲ್ಲ, ಅಪರೂಪದ ದೇಹ, ಬರೆದುಕೊಳ್ಳಿ ಅಂದುಬಿಟ್ಟರು. ಪಾಪ, ಮಕ್ಕಳು ಬರೆದುಕೊಂಡರು.

ದೇಹದಾನ ಮಾಡಿದವರ ಮನೆಯವರನ್ನು ಕರೆದು ಕೃತಜ್ಞತೆ ಹೇಳುವ ದಿನ ಆ ಅಜ್ಜನ ಹೆಂಡತಿಯೂ ಬಂದರು. ಯಜಮಾನರು ಪೋಸ್ಟ್‌ಮ್ಯಾನ್ ಆಗಿದ್ದರಂತೆ. ಮೂವತ್ತೈದು ವರ್ಷ ನಡೆದೇ ಕಾಗದ ಹಂಚಿದವರು. ಅದನ್ನು ಕೇಳಿ ಮೂರನೇ ಮೇಜಿನ ಚುರುಕು ಹುಡುಗಿಗೆ ತಡೆಯಲಾಗಲಿಲ್ಲ. ಸೊಂಟಕ್ಕೆ ಹೋಗುವ ರಕ್ತನಾಳವೇ ಇಲ್ಲದೆ ಅಷ್ಟು ನಡೆದರಲ್ಲ, ಎಷ್ಟು ನೋವು ನುಂಗಿರಬೇಕು ಎಂದು ಗೌರವದಿಂದಲೇ ಹೇಳಿದಳು.

ಅಜ್ಜಿಯ ಮುಖ ಸಪ್ಪಗಾಯಿತು.

"ನನಗೆ ಒಂದು ದಿನಾನೂ ಹೇಳಲಿಲ್ವಲ್ಲಮ್ಮ," ಎಂದರು. "ರಿಟೈರಾದ ಮೇಲೂ, ಕೂತು ಕೂತು ಸೋಮಾರಿ ಆಗ್ತೀರಿ ಅಂತ ದಿನಾ ನಾನೇ ಅವರನ್ನ ಹೊರಗೆ ಅಟ್ತಿದ್ದೆ."

ಪಕ್ಕದಲ್ಲೇ ನಿಂತಿದ್ದ ಮೇಷ್ಟ್ರಿಗೆ ಮೈಯೆಲ್ಲ ಹಿಡಿಯಷ್ಟಾಯಿತು. ಸತ್ತವರ ಮೇಲೆ ಇಲ್ಲದ ಊನ ಹೊರಿಸಿದ್ದು ಸಾಲದೆ, ಬದುಕಿರುವವರ ಹೊಟ್ಟೆಗೂ ಬೆಂಕಿ ಹಾಕಿದ್ದಾಗಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬಾಯಿಬಿಟ್ಟರೆ ಎದುರಿಗೆ ವಿದ್ಯಾರ್ಥಿಗಳು, ಹಿಂದೆ ವಿಭಾಗದ ಮುಖ್ಯಸ್ಥರು. ಇಪ್ಪತ್ತು ವರ್ಷದ ಹೆಸರು ಮಣ್ಣುಪಾಲು. ಅವರು ಕಾಫಿ ಲೋಟ ಕೆಳಗಿಟ್ಟರು.

"ಅಮ್ಮಾ, ಅವರಿಗೆ ಯಾವ ಕೊರತೇನೂ ಇರಲಿಲ್ಲ. ಆ ನಾಳ ಇತ್ತು. ನಾನೇ ಕೈತಪ್ಪಿ ಕತ್ತರಿಸಿ, ಇರಲೇ ಇಲ್ಲ ಅಂತ ಸುಳ್ಳು ಹೇಳಿದೆ."

ಹುಡುಗಿ ತಲೆ ತಗ್ಗಿಸಿದಳು. ಮೇಷ್ಟ್ರ ಮುಖ ನೋಡಲು ಅವಳಿಗೇ ನಾಚಿಕೆಯಾಗಿತ್ತು.

"ಹಾಗಾದ್ರೆ ನೋವಿರಲಿಲ್ಲ ತಾನೇ?" ಅಜ್ಜಿ ಎರಡು ಸಲ ಕೇಳಿದರು. ಇರಲಿಲ್ಲ, ಕೀಲು ಗಟ್ಟಿಯಾಗಿತ್ತು ಎಂದು ಮೇಷ್ಟ್ರು ಎರಡು ಸಲವೂ ಹೇಳಿದರು. ಅಜ್ಜಿ ಉಸಿರುಬಿಟ್ಟು, ಎರಡೂ ಕೈಯಲ್ಲಿ ಅವರ ಬಲಗೈ ಹಿಡಿದು, ಹೇಳಿದ್ದು ಒಳ್ಳೆಯದಾಯಿತಪ್ಪ ಅಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆ ಕೈಯನ್ನು ಎಳೆದುಕೊಳ್ಳಲೂ ಆಗದೆ, ಅಲ್ಲೇ ಇಡಲೂ ಆಗದೆ ಮೇಷ್ಟ್ರು ನಿಂತೇ ಇದ್ದರು.