ಮುಂದಿನ ಚಕ್ರಗಳ ಬೀಗ

ಹೊಸ್ತಿಲು ಬಂಡೆಯ ಎದುರು ಜೀಪು ಮೂರನೆಯ ಸಲವೂ ಸೋತಿತು. ಪಶುವೈದ್ಯೆ ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆರಿಸಿ, ಕೆಳಗಿಳಿದು ನೋಡಿದಳು. ಮುಂದಿನ ಬಲಚಕ್ರ ಮೊಣಕಾಲೆತ್ತರದ ಆ ಕಲ್ಲಿಗೆ ಆನಿಕೊಂಡು ಕೂತಿತ್ತು. ಎಡಚಕ್ರ ಪಕ್ಕದ ಕೊರಕಲಿನ ಮೇಲೆ ಗಾಳಿಯಲ್ಲಿ ತೂಗಾಡುತ್ತಿತ್ತು. ಆಕ್ಸಲರೇಟರ್ ತುಳಿದಾಗೆಲ್ಲ ಗಾಳಿಯಲ್ಲಿದ್ದದ್ದು ಗಿರ್ರನೆ ತಿರುಗುತ್ತಿತ್ತು, ಕಲ್ಲು ಹತ್ತಬೇಕಾದದ್ದು ಮಾತ್ರ ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ಸುಮ್ಮನಿತ್ತು.

ಬಂಡೆಯ ಆಚೆ ಹುಲ್ಲುಗಾವಲು. ಅಲ್ಲಿ ಕುರಿಗಾಹಿಗಳ ಹಟ್ಟಿ, ಎಂಟುನೂರು ಕುರಿ. ಹಿಂದಿನ ವರ್ಷ ಜ್ವರ ಬಂದು ಅರವತ್ತು ಕುರಿ ಸತ್ತಿದ್ದವು. ಈ ಸಲ ಅವಳ ಗಾಡಿಯಲ್ಲಿ ಲಸಿಕೆಯ ಪೆಟ್ಟಿಗೆ ಇತ್ತು, ಸುತ್ತ ಮಂಜುಗಡ್ಡೆ ತುಂಬಿತ್ತು. ಅವಳು ಅದನ್ನು ಹೆಗಲಿಗೇರಿಸಿ ಬಿಸಿಲಲ್ಲಿ ನಾಲ್ಕು ತಾಸು ನಡೆದಳು. ಹಟ್ಟಿ ಮುಟ್ಟಿ ಮುಚ್ಚಳ ತೆಗೆದರೆ ಮಂಜುಗಡ್ಡೆ ನೀರಾಗಿತ್ತು, ಔಷಧ ಬೆಚ್ಚಗಾಗಿತ್ತು. ಬೆಚ್ಚಗಾದ ಲಸಿಕೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಒಂದೊಂದೇ ಸೀಸೆ ತೆಗೆದು ಗುಂಡಿಗೆ ಸುರಿದಳು.

ಹಟ್ಟಿಯ ಹಿರಿಯಳಾದ ಅಜ್ಜಿ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. "ಅಷ್ಟು ದೂರದಿಂದ ಹೊತ್ಕೊಂಡು ಬಂದೆಯಲ್ಲ ಮಗಳೇ, ಅದೇ ದೊಡ್ಡದು."

"ನಾನು ಬಂದು ಏನು ಬಂತಜ್ಜಿ? ಔಷಧ ಬರ್ಬೇಕಿತ್ತು. ನೀವು ಆಚೆ ಕಣಿವೆಗೆ ಇಳಿಯೋದು ಯಾವಾಗ?"

"ಇನ್ನೊಂದು ತಿಂಗಳು. ಹುಲ್ಲು ಇರೋವರೆಗೆ."

"ಅಷ್ಟರೊಳಗೆ ಗಾಡೀಲೇ ಬರ್ತೀನಿ."

"ಬಂಡೆ ಒಡೆಸ್ತೀಯಾ? ಅದನ್ನ ಮುಟ್ಟಿದ್ರೆ ಮೇಲಿನ ಗುಡ್ಡ ಪೂರ್ತಿ ಕೆಳಗೆ ಬರುತ್ತೆ, ನೋಡು."

"ಒಡೆಸಲ್ಲ. ಹತ್ತಿಸ್ತೀನಿ."

ಮಾರನೆಯ ದಿನವೇ ಅವಳು ಭಾವನ ಗ್ಯಾರೇಜಿಗೆ ಹೋದಳು. ಭಾವ ಎಂದರೆ ಅಕ್ಕನ ಗಂಡ. ಕೆಸರಲ್ಲಿ, ಕಲ್ಲಲ್ಲಿ ಗಾಡಿ ಓಡಿಸುವ ಪಂದ್ಯಗಳಲ್ಲಿ ಅವರು ಗೆದ್ದ ಕಪ್ಪುಗಳು ಗ್ರೀಸು ಡಬ್ಬಿಗಳ ಮೇಲಿನ ಹಲಗೆಯಲ್ಲಿ ಸಾಲಾಗಿ ಧೂಳು ತಿನ್ನುತ್ತಿದ್ದವು. ಬಿಡಿಭಾಗಗಳ ಕೌಂಟರು ಅಕ್ಕನದು. ಗೋಡೆಯ ಅಷ್ಟೂ ಡಬ್ಬಿಗಳಲ್ಲಿ ಏನಿದೆ ಎಂದು ಅವಳು ಕಣ್ಣು ಮುಚ್ಚಿ ಹೇಳಬಲ್ಲಳು.

"ಹಿಂದಿನ ಆಕ್ಸಲ್‌ಗೆ ಲಾಕರ್ ಹಾಕಿಕೊಟ್ಟಿದ್ದೆನಲ್ಲ, ಸಾಲ್ದಾ?" ಎಂದರು ಭಾವ.

"ಲಾಕರ್ ಬೀಗ ಹಾಕಿ ಹಿಂದಿನವು ಎರಡೂ ಒಟ್ಟಿಗೇ ತಿರುಗಿ ತಳ್ತವೆ ಭಾವ. ಮುಂದಿನ ಚಕ್ರ ಕಲ್ಲಿಗೆ ಮುಖ ಒತ್ಕೊಂಡು ನಿಲ್ಲುತ್ತೆ. ಅದು ತಾನೂ ತಿರುಗಿ ಮೇಲೆ ಹತ್ಬೇಕು. ಮುಂದೂ ಬೀಗ ಬೇಕು."

ಭಾವನಿಗೆ ಇಂಥ ಮಾತೆಂದರೆ ಹಬ್ಬದೂಟ. ಕೈ ಒರೆಸಿಕೊಂಡು ಬೆಂಚಿನ ಮೇಲೆ ಎರಡು ಸಾಮಾನು ತಂದಿಟ್ಟರು. ಒಂದು ತಾನಾಗಿಯೇ ಬೀಗ ಬೀಳುವಂಥದ್ದು. ಎಂಜಿನ್ನಿನ ಬಲ ಬಂದ ಕೂಡಲೆ ಎರಡು ಚಕ್ರಗಳನ್ನೂ ಒಂದಾಗಿ ಹಿಡಿಯುತ್ತದೆ. ಗುಂಡಿ ಇಲ್ಲ, ತಂತಿ ಇಲ್ಲ, ಕೊಳವೆ ಇಲ್ಲ. ಇನ್ನೊಂದು ಗಾಳಿಯದು. ಬೇಕೆಂದಾಗ ಗುಂಡಿ ಒತ್ತಬೇಕು, ಪುಟ್ಟ ಕಂಪ್ರೆಸರ್ ಗಾಳಿ ಕಳಿಸಿ ಬೀಗ ಹಾಕುತ್ತದೆ, ಬೇಡವೆಂದಾಗ ಬಿಡುತ್ತದೆ.

"ಕಣ್ಣು ಮುಚ್ಕೊಂಡು ಮೊದಲನೇದು ತಗೋ. ನನ್ನ ಗಾಡೀಲೂ ಅದೇ ಇರೋದು," ಎಂದರು. "ಗಾಳಿ ಕೊಳವೆ ಹೋಯ್ತು ಅಂದ್ರೆ ಗುಡ್ಡದ ಮೇಲೆ ಏನ್ ಮಾಡ್ತೀಯ? ಬಾಯಲ್ಲಿ ಊದ್ತೀಯಾ?"

"ಸ್ಟೇರಿಂಗ್?"

"ಸ್ವಲ್ಪ ಬಿಗಿ. ಗಟ್ಟಿಯಾಗಿ ಹಿಡ್ಕೊಂಡ್ರೆ ಆಯ್ತು."

ವೈದ್ಯೆ ತನ್ನ ಎಡಗೈ ನೋಡಿಕೊಂಡಳು. ಎರಡು ವರ್ಷದ ಹಿಂದೆ ಒಂದು ಎತ್ತು ಒದ್ದು ಅವಳ ಎಡ ಮಣಿಕಟ್ಟು ಮುರಿದಿತ್ತು. ಒಳಗೆ ಉಕ್ಕಿನ ಪಟ್ಟಿ, ಆರು ತಿರುಪು. ಅದು ಭಾವನಿಗೂ ಗೊತ್ತಿತ್ತು, ಆದರೆ ಗಾಡಿಯ ಮಾತು ಬಂದಾಗ ಅವರಿಗೆ ಮನುಷ್ಯರ ಮೂಳೆ ನೆನಪಿಗೆ ಬರುವುದಿಲ್ಲ.

"ನಿಮ್ಮ ಗಾಡಿ ಕೊಡಿ, ಓಡಿಸಿ ನೋಡ್ತೀನಿ," ಎಂದಳು.

ಗ್ಯಾರೇಜಿನ ಹಿಂದೆ ಪಾಳುಬಿದ್ದ ಕಲ್ಲುಗಣಿ. ನೆಟ್ಟಗಿನ ಏರನ್ನು ಭಾವನ ಜೀಪು ಬೆಕ್ಕು ಗೋಡೆ ಹತ್ತಿದಂತೆ ಹತ್ತಿತು. ಮೇಲೆ ನಿಂತಿದ್ದ ಭಾವ ಕೈ ತಟ್ಟಿದರು. ತಿರುವು ಬಂತು. ಅವಳು ಎಡಕ್ಕೆ ಎಳೆದಳು, ಗಾಡಿ ನೆಟ್ಟಗೇ ಹೋಗಲು ಹಟ ಹಿಡಿಯಿತು. ಇನ್ನಷ್ಟು ಎಳೆದಳು. ಒಂದು ಚಕ್ರ ಕಲ್ಲಿನ ಮೇಲಿಂದ ಜಾರಿದ್ದೇ ತಡ, ಸ್ಟೇರಿಂಗು ರಪ್ಪನೆ ವಾಪಸು ತಿರುಗಿ ಕೈಯಿಂದ ಕಿತ್ತುಕೊಂಡಿತು. ಅವಳು ಬ್ರೇಕು ತುಳಿದು ನಿಲ್ಲಿಸಿ, ಮಣಿಕಟ್ಟನ್ನು ಹೊಟ್ಟೆಗೆ ಅವಚಿಕೊಂಡು ಸ್ವಲ್ಪ ಹೊತ್ತು ಹಾಗೇ ಕೂತಳು. ಆಮೇಲೆ ಇಳಿದಳು. ಮುಖ ಬಿಳಿಚಿತ್ತು, ದನಿ ಮಾತ್ರ ಎಂದಿನಂತೆಯೇ ಇತ್ತು.

"ಹಟ್ಟಿಗೆ ಹನ್ನೊಂದು ತಿರುವು ಭಾವ. ಬಂಡೆ ಒಂದೇ. ಒಂದು ಬಂಡೆಗೋಸ್ಕರ ಹನ್ನೊಂದು ತಿರುವಲ್ಲೂ ಗಾಡಿ ಜೊತೆ ಕುಸ್ತಿ ಆಡೋಕೆ ನನ್ನ ಕೈಲಾಗಲ್ಲ. ನಂಗೆ ಬೇಡ ಅಂದಾಗ ಬಿಡೋ ಬೀಗ ಬೇಕು."

"ಇಪ್ಪತ್ತೈದು ವರ್ಷದಿಂದ ಇದನ್ನೇ ಮಾಡ್ಕೊಂಡು ಬಂದಿದ್ದೀನಿ," ಎಂದರು ಭಾವ, ಮುಖ ಗಂಟಿಕ್ಕಿಕೊಂಡು. "ನಾನು ಹೇಳಿದ್ದಕ್ಕೆ ಬೆಲೆನೇ ಇಲ್ವಾ?"

"ಇದೆ. ಕೊಳವೆ ಹೋಗ್ಬಹುದು ಅಂದ್ರಲ್ಲ, ಅದನ್ನ ನೆನಪಿಟ್ಕೋತೀನಿ. ಹೋದ್ರೂ ಬೀಗ ಬೀಳಲ್ಲ ಅಷ್ಟೇ, ಇವತ್ತಿನ ಗಾಡಿ ಹೇಗಿದೆಯೋ ಹಾಗೇ ಇರುತ್ತೆ. ಆದ್ರೆ ಸ್ಟೇರಿಂಗ್ ಕೈಬಿಟ್ರೆ ನಾನೇ ಇರಲ್ಲ."

ಭಾವ ಮುನಿಸಿಕೊಂಡು ಗ್ಯಾರೇಜಿನೊಳಕ್ಕೆ ಹೋದರು. ಕೌಂಟರಿನಲ್ಲಿ ಅಕ್ಕ ಕನ್ನಡಕ ಮೂಗಿಗೇರಿಸಿ ಕೇಳಿದಳು, "ಆಕ್ಸಲ್ ಶಾಫ್ಟಿಗೆ ಹಲ್ಲೆಷ್ಟು?"

"ಪುಸ್ತಕದಲ್ಲಿ ಇಪ್ಪತ್ತೇಳು ಅಂತಿದೆ."

"ಪುಸ್ತಕ ಬರೆದೋನು ನಿನ್ನ ಗಾಡಿ ನೋಡಿದ್ನೇನೇ? ನಿನಗಿಂತ ಮುಂಚೆ ಮೂರು ಜನ ಓಡಿಸಿದಾರೆ. ಬಿಚ್ಚಿ ಎಣಿಸೋವರೆಗೆ ನಾನು ಆರ್ಡರ್ ಹಾಕಲ್ಲ."

ವೈದ್ಯೆ ನೆಲದ ಮೇಲೆ ಗೋಣಿ ಹಾಸಿ, ತಾನೇ ಚಕ್ರ ಬಿಚ್ಚಿ, ಶಾಫ್ಟು ಹೊರಗೆಳೆದಳು. ಒಂದು ಹಲ್ಲಿಗೆ ಸುಣ್ಣದ ಗುರುತು ಹಾಕಿ ಎಣಿಸಿದಳು. ಮೂವತ್ತೊಂದು. ಇನ್ನೊಮ್ಮೆ ಎಣಿಸಿದಳು. ಮೂವತ್ತೊಂದೇ. ಹಿಂದಿನ ಯಾವನೋ ಯಜಮಾನ ಯಾವುದೋ ಕಾಲದಲ್ಲಿ ದಪ್ಪ ಶಾಫ್ಟು ಹಾಕಿಸಿದ್ದ. ಪುಸ್ತಕ ನಂಬಿ ತರಿಸಿದ್ದರೆ ಬಂದ ಲಾಕರ್ ಹಲ್ಲು ಹೊಂದದೆ ಬಾಗಿಲಿಗೆ ಅಡ್ಡ ಇಡುವುದಕ್ಕಷ್ಟೇ ಆಗುತ್ತಿತ್ತು.

ಸಾಮಾನು ಬರಲು ಹದಿನಾರು ದಿನ ಹಿಡಿಯಿತು. ಬಂದ ದಿನ ಬೆಳಿಗ್ಗೆ, ಯಾರೂ ಕರೆಯದೆಯೇ, ಭಾವ ಅಂಗಿಯ ತೋಳು ಮಡಚಿ ಗಾಡಿಯ ಕೆಳಗೆ ಮಲಗಿದ್ದರು. ಮುನಿಸು ಇನ್ನೂ ಇತ್ತು. ಆದರೆ ಬೇರೆಯವರ ಕೈಗೆ ಈ ಕೆಲಸ ಬಿಡುವುದು ಅವರಿಂದಾಗದ ಮಾತು. ಆಕ್ಸಲಿನೊಳಗಿನ ದೊಡ್ಡ ಹಲ್ಲುಚಕ್ರವಾದ ಕ್ರೌನಿನ ಹಲ್ಲುಗಳಿಗೆ ಹಳದಿ ಬಣ್ಣ ಬಳಿದು ತಿರುಗಿಸಿ, ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರ ಎಲ್ಲಿ ಉಜ್ಜಿದೆ ಎಂದು ನೋಡಿದರು. ಗುರುತು ಹಲ್ಲಿನ ಅಂಚಿಗೆ ಬಿದ್ದಿತ್ತು. "ಹೀಗೇ ಬಿಟ್ರೆ ಒಂದು ವರ್ಷ ನಡೆಯುತ್ತೆ, ಆಮೇಲೆ ಹಲ್ಲು ಉದುರುತ್ತೆ," ಎಂದು ಗೊಣಗಿ, ಎಲ್ಲ ಬಿಚ್ಚಿ, ತೆಳ್ಳನೆಯ ತಗಡಿನ ಬಳೆ ಬದಲಿಸಿ ಮತ್ತೆ ಕೂರಿಸಿದರು. ಮೂರನೆಯ ಸಲಕ್ಕೆ ಬಣ್ಣ ಹಲ್ಲಿನ ನಟ್ಟನಡುವೆ ಉಜ್ಜಿತು. ಅಷ್ಟರಲ್ಲಿ ಮಧ್ಯಾಹ್ನದ ಊಟ ಆರಿ ತಣ್ಣಗಾಗಿತ್ತು.

"ನಾನೂ ಬರ್ತೀನಿ," ಎಂದರು, ಹೊರಡುವ ದಿನ. "ಇದು ಸೋಲೋದನ್ನ ಕಣ್ಣಾರೆ ನೋಡ್ಬೇಕು."

ಬಂಡೆ ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು. ಅವಳು ಸ್ಟೇರಿಂಗನ್ನು ನೇರ ಮಾಡಿ ಗುಂಡಿ ಒತ್ತಿದಳು. ಕಂಪ್ರೆಸರ್ ಗುರ್ರೆಂದಿತು. ಎರಡು ಕ್ಷಣದಲ್ಲಿ ನಿಲ್ಲಬೇಕಾದದ್ದು ನಿಲ್ಲಲೇ ಇಲ್ಲ. ಎಲ್ಲೋ ಸುಯ್ಯೆಂಬ ಸದ್ದು.

ಭಾವ ಕಿಟಕಿಯಾಚೆ ನೋಡುತ್ತ ಮೀಸೆ ತಿರುವಿದರು.

ಅವಳು ಗಾಡಿಯ ಕೆಳಗೆ ತೂರಿದಳು. ಕೊಳವೆ ಸ್ಪ್ರಿಂಗಿಗೆ ಉಜ್ಜಿ ಉಜ್ಜಿ ತೂತಾಗಿತ್ತು. ತನ್ನ ಉಪಕರಣಗಳ ಪೆಟ್ಟಿಗೆಯಿಂದ ಶಸ್ತ್ರಚಿಕಿತ್ಸೆಯ ಬ್ಲೇಡು ತೆಗೆದು ತೂತಿನ ಭಾಗವನ್ನು ನೀಟಾಗಿ ಕತ್ತರಿಸಿದಳು. ಭಾವನ ಮಾತು ಕೇಳಿದ ದಿನವೇ ಅಕ್ಕನ ಹತ್ತಿರ ಕೇಳಿ ಪಡೆದಿದ್ದ ಜೋಡಣೆಯ ತುಂಡನ್ನು ನಡುವೆ ಸಿಕ್ಕಿಸಿ ಒತ್ತಿದಳು. ಮತ್ತೆ ಉಜ್ಜದ ಹಾಗೆ ಕೊಳವೆಯನ್ನು ಪಕ್ಕಕ್ಕೆಳೆದು, ಹಸುವಿನ ಹೊಟ್ಟೆ ಹೊಲಿಯುವ ದಾರದಿಂದ ಮೂರು ಕಡೆ ಕಟ್ಟಿದಳು.

"ಮಂಜುಗಡ್ಡೆ ಕರಗ್ತಿದೆ," ಎಂದರು ಭಾವ. ಈ ಸಲ ದನಿಯಲ್ಲಿ ಕುಹಕ ಇರಲಿಲ್ಲ.

"ಆಯ್ತು, ಕೂತ್ಕೊಳ್ಳಿ."

ಗುಂಡಿ ಒತ್ತಿದಳು. ಕಂಪ್ರೆಸರ್ ಗುರ್ರೆಂದು, ನಿಂತಿತು. ಗಾಡಿಯ ಹೊಟ್ಟೆಯಲ್ಲಿ ಟಕ್ ಎಂದಿತು. ಮೊದಲನೇ ಗೇರಿನಲ್ಲಿ ನಿಧಾನವಾಗಿ ಕ್ಲಚ್ಚು ಬಿಟ್ಟಳು. ಎಡಚಕ್ರ ಮತ್ತೆ ಗಾಳಿಗೆದ್ದಿತು, ಆದರೆ ಈ ಸಲ ಒಂಟಿಯಾಗಿ ತಿರುಗಲಿಲ್ಲ. ಬಲಚಕ್ರದ ರಬ್ಬರು ಕಲ್ಲನ್ನು ಕಚ್ಚಿತು, ಜಾರಿತು, ಮತ್ತೆ ಕಚ್ಚಿತು. ಜೀಪಿನ ಮೂತಿ ಆಕಾಶಕ್ಕೆದ್ದಿತು. ಹಿಂದಿನ ಚಕ್ರಗಳೂ ಒಂದರ ಹಿಂದೊಂದು ದಡಕ್ಕೆಂದು ಮೇಲೆ ಬಂದವು.

ಬಂಡೆಯ ತಲೆಯ ಮೇಲೇ ಬಲಕ್ಕೊಂದು ಬಿಗಿ ತಿರುವು, ಎಡಗಡೆ ಪ್ರಪಾತ. ಅವಳು ಗುಂಡಿ ಆರಿಸಿ, ಎರಡೇ ಬೆರಳಲ್ಲಿ ಹಗುರಾಗಿ ಸ್ಟೇರಿಂಗು ತಿರುಗಿಸಿದಳು. ಭಾವ ಕಿಟಕಿಯಿಂದ ಕೆಳಗೆ ನೋಡಿ, ಮೆಲ್ಲಗೆ ಸೀಟಿನ ಈಚೆ ಸರಿದರು.

"ಇಂಥ ತಿರುವಿದೆ ಅಂತ ನೀನು ಹೇಳ್ಲೇ ಇಲ್ವಲ್ಲ?"

"ಹನ್ನೊಂದು ಅಂದೆನಲ್ಲ ಭಾವ. ನೀವು ಲೆಕ್ಕ ಕೇಳಿಸ್ಕೊಂಡ್ರಿ, ತಿರುವು ಹೇಗಿದೆ ಅಂತ ಕೇಳ್ಲಿಲ್ಲ."

ಭಾವ ಇನ್ನೊಮ್ಮೆ ಪ್ರಪಾತದತ್ತ ನೋಡಿ, "ನಿನ್ನ ಕೈಗೆ ಇದೇ ಸರಿ," ಎಂದರು. ತಪ್ಪೊಪ್ಪಿಕೊಳ್ಳುವುದರಲ್ಲಿ ಅವರು ಅದಕ್ಕಿಂತ ಮುಂದೆ ಹೋದದ್ದನ್ನು ಮನೆಯಲ್ಲಿ ಯಾರೂ ಕಂಡಿರಲಿಲ್ಲ.

ಹಟ್ಟಿಯಲ್ಲಿ ಪೆಟ್ಟಿಗೆ ತೆರೆದಾಗ ಮಂಜುಗಡ್ಡೆ ಅರ್ಧ ಉಳಿದಿತ್ತು. ಅಜ್ಜಿ ಜೀಪಿನ ಸುತ್ತ ಒಂದು ಸುತ್ತು ಬಂದು, ಬಿಸಿಯಾದ ಬಾನೆಟ್ಟನ್ನು ಕುರಿಯ ಬೆನ್ನು ತಟ್ಟುವಂತೆ ತಟ್ಟಿದಳು. ಕುರಿ ಹಿಡಿಯಲು ಕೈ ಸಾಲದೆ ಭಾವನನ್ನೂ ದೊಡ್ಡಿಯೊಳಗೆ ಇಳಿಸಿದರು. ಎರಡು ಟನ್ನಿನ ಗಾಡಿಗೆ ಹೆದರದ ಮನುಷ್ಯನನ್ನು ಮೊದಲನೆಯ ಟಗರೇ ಸೊಂಟಕ್ಕೆ ಗುದ್ದಿ ಹಿಕ್ಕೆಯ ಮೇಲೆ ಕೂರಿಸಿತು. ಹಟ್ಟಿಯ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು.

"ಕೊಂಬಲ್ಲ, ದವಡೆ ಹಿಡೀರಿ," ಎಂದಳು ವೈದ್ಯೆ, ಸೂಜಿ ಬದಲಿಸುತ್ತ. "ಏಳಿ ಭಾವ. ಇನ್ನೂ ಮೂರು ದೊಡ್ಡಿ ಬಾಕಿ ಇವೆ."