ಗೇಟಿನ ಬಳಿಯ ಮಡಕೆ

"ಈ ನಲ್ಲಿ ನೀರನ್ನ ಯಾರಾದ್ರೂ ಕುಡೀತಾರಾ?" ಎಂದು ನೀರು ಪರೀಕ್ಷೆಯ ಅಧಿಕಾರಿ ಶೀತಲ್ ಕೇಳಿದರು.

"ಯಾರೂ ಇಲ್ಲ ಮೇಡಂ. ಮದುವೆಗಳಿಗೆಲ್ಲ ಕ್ಯಾನ್ ನೀರೇ. ಇದು ಬರೀ ಪಾತ್ರೆ ತೊಳೆಯೋಕೆ," ಎಂದ ಮಂಟಪದ ಮಾಲೀಕ ಮುನಿರಾಜು. ಬಾಯಿಪಾಠ ಒಪ್ಪಿಸಿದ ಹಾಗಿತ್ತು.

ಚಂದಾಪುರದ ಆ ಸಣ್ಣ ಕಲ್ಯಾಣ ಮಂಟಪವನ್ನು ಗುಡಿಸಿ ಕಾಯುವ ಈಶ್ವರಮ್ಮ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಒಂಬತ್ತು ವರ್ಷದಿಂದ ಅವಳು ಕುಡಿದದ್ದು ಇದೇ ಬೋರ್‌ವೆಲ್ ನೀರು. ಮುನಿರಾಜು ಬೇಕೆಂದು ಸುಳ್ಳು ಹೇಳಿದ್ದಲ್ಲ; ಅವಳ ನೆನಪೇ ಅವನಿಗೆ ಬಂದಿರಲಿಲ್ಲ. ಅದಕ್ಕೇ ಹೆಚ್ಚು ನೋವಾಯಿತು.

ಶೀತಲ್ ವರದಿ ತೆಗೆದರು. ಕಳೆದ ವಾರ ಕೊಂಡೊಯ್ದ ನೀರಿನಲ್ಲಿ ಕಕ್ಕಸು ಗುಂಡಿಯ ಕ್ರಿಮಿ ಸಿಕ್ಕಿತ್ತು. "ಕುಡಿಯೋರಿದ್ರೆ ಇವತ್ತೇ ನಿಲ್ಲಿಸ್ಬೇಕು. ಇಲ್ಲ ಅಂತೀರಲ್ಲ, ಹಾಗೇ ಬರ್ಕೋತೀನಿ."

ಈಶ್ವರಮ್ಮ ಗೇಟಿನ ಕಡೆ ತಿರುಗಿ ನೋಡಿದಳು. ಬೇಸಿಗೆಯಲ್ಲಿ ದಾರಿಹೋಕರಿಗೆ ನೀರಿಡುವುದು ಅವಳ ಅತ್ತೆಯ ಕಾಲದ ಪದ್ಧತಿ. ಇವಳು ಅದನ್ನು ವರ್ಷವಿಡೀ ಮಾಡಿಕೊಂಡಿದ್ದಳು. ದಿನಾ ಬೆಳಿಗ್ಗೆ ಇದೇ ನಲ್ಲಿಯ ನೀರು ತುಂಬಿ ಗೇಟಿನ ಬಳಿ ಮಡಕೆ ಇಡುವಳು. ಗಾರ್ಮೆಂಟ್ಸ್ ಬಸ್ಸಿಗೆ ಕಾಯುವ ಹುಡುಗಿಯರು ಬಂದು ಕುಡಿದು, "ತಿಂಡಿ ಆಯ್ತಾ ಅಜ್ಜಿ?" ಎನ್ನುವರು. ಮದುವೆಯಿಲ್ಲದ ದಿನ ಅವಳ ಕಿವಿಗೆ ಬೀಳುತ್ತಿದ್ದ ಮಾತು ಅಷ್ಟೇ. ಈಗ ಬಾಯಿ ಮುಚ್ಚಿಕೊಂಡಿದ್ದರೆ ಆ ಮಾತು ನಾಳೆಯೂ ಕಿವಿಗೆ ಬೀಳುತ್ತದೆ.

ಆದರೆ ಆ ಹುಡುಗಿಯರಲ್ಲಿ ಶಾಂತಿ ಎಂಬುವಳು ನಾಲ್ಕು ದಿನದಿಂದ ಬಂದಿರಲಿಲ್ಲ. ವಾಂತಿ ಭೇದಿಯಂತೆ, ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿದ್ದಾರಂತೆ. ಎರಡೆರಡು ಲೋಟ ಕೇಳಿ ಕುಡಿಯುತ್ತಿದ್ದವಳು ಅವಳೊಬ್ಬಳೇ.

"ನಾನು ಕುಡೀತೀನಿ ಕಣವ್ವ," ಎಂದಳು ಈಶ್ವರಮ್ಮ. "ಬಸ್ಸಿಗೆ ಬರೋ ಎಣ್ಮಕ್ಕಳಿಗೂ ನಾನೇ ಕುಡಿಸಿವ್ನಿ. ಒಬ್ಳು ಆಸ್ಪತ್ರೆ ಸೇರವ್ಳೆ."

ಮುನಿರಾಜು ಕಕ್ಕಾಬಿಕ್ಕಿಯಾದ. "ಅಲ್ಲ ಈಶ್ವರಮ್ಮ, ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ನೀನ್ಯಾವತ್ತು ಕೇಳ್ದೆ ಕಣಪ್ಪ?"

ಶೀತಲ್ ಬರೆದಿದ್ದನ್ನು ಹೊಡೆದುಹಾಕಿ ಮತ್ತೆ ಬರೆದರು.

ಮರುದಿನ ಬೆಳಿಗ್ಗೆ ಮಡಕೆ ಗೇಟಿನ ಬಳಿ ಬೋರಲಾಗಿತ್ತು. "ಈ ನೀರು ಬ್ಯಾಡ್ರವ್ವ, ಕೆಟ್ಟೈತೆ," ಎಂದು ಈಶ್ವರಮ್ಮ ಬಂದವರಿಗೆಲ್ಲ ಹೇಳಿದಳು. ಹುಡುಗಿಯರು ಮುಖ ಮುಖ ನೋಡಿಕೊಂಡು ರಸ್ತೆಯಾಚೆಯ ಅಂಗಡಿಯ ಮುಂದೆ ಹೋಗಿ ನಿಂತರು. ಬಸ್ಸು ಬಂತು, ಹೋಯಿತು. ತಿಂಡಿ ಆಯ್ತಾ ಎಂದು ಯಾರೂ ಕೇಳಲಿಲ್ಲ.

ಅಭ್ಯಾಸಬಲದಿಂದ ಬೆಳಗಿ ತಂದಿದ್ದ ಸ್ಟೀಲ್ ಲೋಟವನ್ನು ಅವಳು ಸೆರಗಿನಿಂದ ಇನ್ನೊಮ್ಮೆ ಒರೆಸಿ, ಬೋರಲು ಮಡಕೆಯ ಮೇಲೆ ಬೋರಲು ಹಾಕಿದಳು.